ಝರಣಿಯ ನೀರಿಗೆ ಇಳಿದವರಿಗೆ

ಬೀದರ, ಶಾಲಿವಾಹನ ಶಕ ೨೨೬೫, ಫಾಲ್ಗುಣ

ಹಿಂದಿನ ಕಾಲದ ಬಂಧುಗಳೇ,

ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡಿ, ಅದು ಸರಿಯಾಗಿಯೇ ಇದೆ. ನಿಮಗೂ ನನಗೂ ನಡುವೆ ಮುನ್ನೂರಕ್ಕೂ ಹೆಚ್ಚು ವರ್ಷಗಳಿವೆ. ಮಾತಿನ ನಡುವೆ ನಿಮಗೆ ತಿಳಿಯದ ಪದ ನುಸುಳಿದರೆ ಕ್ಷಮಿಸಿ, ಅಲ್ಲಲ್ಲೇ ಅರ್ಥ ಹೇಳುತ್ತೇನೆ. ನನ್ನ ಹೆಸರು ಜಗದೇವಿ. ಯಾತ್ರಿಕರಿಗೆ ಬೀದರ ತೋರಿಸುವುದು ನನ್ನ ಕೆಲಸ, ಅದನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ.

ನಮ್ಮ ಕಾಲದ ಜನ ಹೆಚ್ಚಾಗಿ ಮನೆನೋಟದಲ್ಲಿ ಪ್ರವಾಸ ಮಾಡುತ್ತಾರೆ. ಕೋಣೆಯ ನಡುವೆ ಕೂತರೆ ಸಾಕು, ಹಂಪಿಯ ಬಿಸಿಲೂ ಮೈಸೂರಿನ ಅರಮನೆಯೂ ವಾಸನೆ ಸಮೇತ ಸುತ್ತ ಎದ್ದು ನಿಲ್ಲುತ್ತವೆ. ನಾನು ಅದನ್ನು ಪ್ರವಾಸ ಎಂದು ಒಪ್ಪುವುದಿಲ್ಲ. ಕಾಲು ನೋಯದೆ ಕೋಟೆ ನೋಡಿದೆ ಎನ್ನುವವರು ಊಟದ ಚಿತ್ರ ನೋಡಿ ತೇಗುವವರು. ಬೀದರ ಮಾತ್ರ ಪಾದಪಟ್ಟಣ, ಅಂದರೆ ಇಲ್ಲಿ ಎಲ್ಲವನ್ನೂ ನಡೆದೇ ನೋಡಬೇಕು. ಬೆಳಿಗ್ಗೆ ಜೋಳದ ರೊಟ್ಟಿ, ಪುಂಡಿಪಲ್ಲೆ ತಿನ್ನಿಸಿ ನಾನು ನನ್ನವರನ್ನು ಹೊರಡಿಸುತ್ತೇನೆ. ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಇನ್ನೂ ಮಿನುಗುತ್ತದೆ. ಕೋಟೆಯ ಗೋಡೆಗಳ ಮೇಲೆ ನಿಮ್ಮ ಕಾಲದ ಪ್ರೇಮಿಗಳು ಕೆತ್ತಿದ ಹೆಸರುಗಳೂ ಇವೆ, ಅವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಅಷ್ಟೂರಿನ ಗುಮ್ಮಟಗಳಲ್ಲಿ ಸಿಡಿಲು ಸೀಳಿದ ಒಂದು ಹಾಗೆಯೇ ಅರ್ಧ ನಿಂತಿದೆ. ಪಾಪನಾಶದ ಶಿವನಿಗೆ ಕೈಮುಗಿದು, ನಾನಕ್ ಝೀರಾ ಗುರುದ್ವಾರದಲ್ಲಿ ಲಂಗರಿನ ಊಟ ಮುಗಿಸಿ, ಕೊನೆಗೆ ಝರಣಿ ನರಸಿಂಹನ ಗುಹೆಗೆ ಬರುತ್ತೇವೆ.

ಗುಹೆ ನಿಮಗೆ ಗೊತ್ತು. ಎದೆಮಟ್ಟದ ನೀರಿನಲ್ಲಿ, ಬಾವಲಿಗಳ ಕೆಳಗೆ, ಮಕ್ಕಳನ್ನು ಹೆಗಲೇರಿಸಿಕೊಂಡು ನೀವೂ ದೇವರವರೆಗೆ ನಡೆದವರೇ. ನಮ್ಮ ಕಾಲಕ್ಕೆ ಅದರ ಜೊತೆ ಇನ್ನೊಂದು ಪದ್ಧತಿ ಬೆಳೆದಿದೆ. ಬೀದರಿನ ಕೂಸಿಗೆ ಆ ನೀರು ಮುಟ್ಟಿಸಿ, ದೇವರ ಮುಂದೆ ಹೆಸರಿಡುತ್ತೇವೆ. ಅಲ್ಲಿಯವರೆಗೆ ಅದು ಬರೀ ಕೂಸು. ಹೋದ ವರ್ಷ ನನಗೆ ಮಗಳು ಹುಟ್ಟಿದಾಗ ಗುಹೆಗೆ ಬೀಗ ಬಿದ್ದಿತ್ತು.

ಬೀಗ ಹಾಕಿದ್ದು ಕಾಪುಮಂಡಳಿ, ಹಳೆಯ ಕಟ್ಟಡಗಳನ್ನು ಕಾಯುವವರ ಸಭೆ. ಅದರ ಮುಖ್ಯಸ್ಥ ವೈಜಿನಾಥ ನನ್ನ ಸ್ವಂತ ಕಾಕಾ. ಕೆಟ್ಟ ಮನುಷ್ಯನಲ್ಲ, ಆದರೆ ಯಾವುದನ್ನು ಪ್ರೀತಿಸಿದರೂ ಅದನ್ನು ಗಾಜಿನೊಳಗೆ ಇಡಬೇಕು ಅವನಿಗೆ. ಜನರ ತುಳಿತಕ್ಕೆ ಗುಹೆಯ ನೆಲ ಸವೆಯುತ್ತದೆಂದು ನಡಿಗೆ ನಿಲ್ಲಿಸಿದ. ಆಮೇಲೆ ನೀರು ಸೊಂಟಕ್ಕಿಳಿಯಿತು, ಮೊಣಕಾಲಿಗಿಳಿಯಿತು, ನಿಂತು ನಾರತೊಡಗಿತು. ನೀರು ಉಕ್ಕುವ ಊಟೆ ಸಾಯುತ್ತಿದೆ, ಗುಹೆಯನ್ನು ಕಾಯಂ ಮುಚ್ಚಿ ಮನೆನೋಟದಲ್ಲಿ ತೋರಿಸೋಣ ಎಂದು ಮಂಡಳಿ ತೀರ್ಮಾನಿಸಿತು. ಕೂಸು ಎಂದು ಕರೆದರೆ ತಿರುಗಿ ನೋಡುವಷ್ಟು ನನ್ನ ಮಗಳು ಬೆಳೆದಿದ್ದಳು.

ನನ್ನ ಅವ್ವ ಕಾಶೆಮ್ಮ ಮಂಡಳಿಯ ಬಾಗಿಲಿಗೇ ಹೋಗಿ ಮೈದುನನ ಎದುರು ನಿಂತಳು. "ಬಾಗಲಾ ಹಾಕ್ತಿ, ಹಾಕು ವೈಜ್ಯಾ. ನನ್ನ ಮೊಮ್ಮಗಳಿಗಿ ಹೆಸರಿಟ್ಟು ಹಾಕು" ಎಂದಳು. ಕಾಕಾನಿಗೆ ಇಲ್ಲ ಎನ್ನಲಾಗಲಿಲ್ಲ. ತನ್ನ ಮನೆಯವರಿಗಷ್ಟೇ ಬಾಗಿಲು ತೆರೆದರೆ ಊರು ಸುಮ್ಮನಿರುವುದಿಲ್ಲ. ಹೆಸರಿಡಬೇಕಾದ ಕೂಸುಗಳಿದ್ದವರೆಲ್ಲ ಮುಚ್ಚುವ ಮುನ್ನಾದಿನ ಬರಲಿ ಎಂದು ಸಾರಿಸಿದ.

ಬೀದರಿಗೆ ಬೀದರೇ ಬಂತು. ಒಂದು ಕೂಸಿನ ಹಿಂದೆ ಅತ್ತೆ, ಮಾವ, ಸೋದರತ್ತೆ, ಓಣಿಯವರು. ಆ ಮೊಣಕಾಲುದ್ದ ನೀರು ಅಷ್ಟು ಕಾಲುಗಳಿಗೆ ಕದಡಿ ಕೆಂಪು ರಾಡಿಯಾಯಿತು, ಸೀರೆ ಧೋತರಗಳೆಲ್ಲ ಜಂಬಿಟ್ಟಿಗೆಯ ಬಣ್ಣವಾದವು. ನಮ್ಮ ಸರದಿ ಬರುವ ಮೊದಲೇ ಕಾಕಾ ಹೆದರಿ ಸಾಲನ್ನು ನಿಲ್ಲಿಸಿಬಿಟ್ಟ. ಉಳಿದಿದ್ದ ಒಂದಿಷ್ಟು ನೀರನ್ನೂ ನಾವೇ ಕೈಯಾರೆ ಕೊಂದೆವೆಂದು ಎಲ್ಲರಿಗೂ ಅನ್ನಿಸಿತು. ಹೆಸರಿಲ್ಲದ ಮಗಳನ್ನು ಎತ್ತಿಕೊಂಡು ಮನೆಗೆ ಬಂದೆ. ಅವ್ವ ಆ ದಿನ ಒಲೆ ಹಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾ ಓಡುತ್ತ ಬಂದ. ಧೋತರ ಎದೆಯವರೆಗೂ ತೊಯ್ದಿತ್ತು. "ವೈನಿ, ಕೂಸಿನ್ನ ತಗೊಂಡು ಬರ್ರಿ. ನೀರು ಬಂದದ" ಎಂದ ಅತ್ತಿಗೆಗೆ, ಅಷ್ಟು ಹೇಳಿ ಹೊಸ್ತಿಲ ಮೇಲೆ ಕೂತು ಅತ್ತ. ಆದದ್ದು ಇಷ್ಟು. ಗುಹೆಯ ಗೋಡೆಗಳಿಂದ ಉದುರುವ ನುಣ್ಣನೆಯ ಮಣ್ಣನ್ನು ಭಕ್ತರ ಕಾಲುಗಳು ದಿನವೂ ಕದಡುತ್ತಿದ್ದವು, ನೀರು ಅದನ್ನು ಹೊರಗೆ ಒಯ್ಯುತ್ತಿತ್ತು. ನಡಿಗೆ ನಿಂತ ಮೇಲೆ ಮಣ್ಣು ತಳದಲ್ಲಿ ಕೂತು ಊಟೆಯ ಬಾಯಿಯನ್ನೇ ಮುಚ್ಚಿತ್ತು. ಹಿಂದಿನ ದಿನ ಊರಿನ ಕಾಲುಗಳೆಲ್ಲ ಅದನ್ನು ಕದಡಿದ್ದರಿಂದ ರಾತ್ರಿಯೊಳಗೆ ಬಾಯಿ ತೆರೆದುಕೊಂಡಿತ್ತು. ನಾವು ಕಾಯುತ್ತಿದ್ದೇವೆಂದುಕೊಂಡು ಅದರ ಉಸಿರು ಕಟ್ಟಿಸುತ್ತಿದ್ದೆವು. ಬೀಗವನ್ನು ಕಾಕಾ ತಾನೇ ಒಡೆದ.

ಆ ದಿನ ಎದೆಮಟ್ಟದ ನೀರಿನಲ್ಲಿ ನಡೆದೆ. ಮಗಳು ಎರಡೂ ಕೈಯಲ್ಲಿ ನನ್ನ ಕೂದಲು ಹಿಡಿದು, ಬಾವಲಿಗಳೆಲ್ಲ ಏಳುವಂತೆ ಕಿರುಚಿದಳು. ಅವ್ವ ಅವಳ ಕಿವಿಯಲ್ಲಿ ನೀಲಮ್ಮ ಎಂದು ಮೂರು ಸಲ ಹೇಳಿದಳು. ಅಷ್ಟು ಸಂತೋಷ ನನಗೆ ಬೇರೆ ಯಾವತ್ತೂ ಆಗಿಲ್ಲ.

ನನ್ನ ಬೇಡಿಕೆ ಒಂದೇ. ಮುಂದಿನವರಿಗೆ ಉಳಿಯಲಿ ಎಂದು ಕೈಕಟ್ಟಿ ದೂರ ನಿಲ್ಲಬೇಡಿ. ಗೋಡೆಗೆ ಮೊಳೆ ತಾಗಿಸದಿದ್ದರೆ ಸಾಕು, ನೀರಿಗೆ ಧಾರಾಳವಾಗಿ ಇಳಿಯಿರಿ. ಬರುವ ರಜೆಗೆ ಮಕ್ಕಳನ್ನೂ ಮುದುಕರನ್ನೂ ಕಟ್ಟಿಕೊಂಡು ಬನ್ನಿ, ಬಟ್ಟೆ ತೊಯ್ದರೆ ಬಿಸಿಲಿಗೆ ಒಣಗುತ್ತದೆ. ಊಟೆಯ ಬಾಯಿಯನ್ನು ನಮ್ಮ ತನಕ ತೆರೆದಿಟ್ಟದ್ದು ನಿಮ್ಮ ಕಾಲುಗಳೇ. ನೀವು ಇಳಿಯದಿದ್ದರೆ ನನ್ನ ಮಗಳಿಗೆ ಹೆಸರಿಲ್ಲ.

ನಿಮ್ಮ,
ಕಾಶೆಮ್ಮನ ಮಗಳು, ನೀಲಮ್ಮನ ಅವ್ವ
ಜಗದೇವಿ