ಮನೆ ಎಂಬ ಸನ್ನೆ

ಬಣಕಲ್
೧೨-೩-೧೯೯೪

ಪ್ರೀತಿಯ ಗಾನಶ್ರೀಗೆ ಅಮ್ಮನ ಆಶೀರ್ವಾದಗಳು.

ನಿನ್ನ ಮೂರು ಕಾಗದವೂ ಬಂದಿವೆ. ಉತ್ತರ ಬರೆಯದ್ದಕ್ಕೆ ಶಾಲೆಯ ಪರೀಕ್ಷೆಯ ನೆಪ ಹೇಳಬಹುದಿತ್ತು. ಆದರೆ ನನ್ನ ಸುಳ್ಳನ್ನು ಮುಖ ನೋಡಿಯೇ ಹಿಡಿಯುವವಳು ನೀನು, ಕಾಗದದಲ್ಲೂ ಹಿಡಿದುಬಿಡುತ್ತೀ. ಹಾಸ್ಟೆಲಿನ ಸಾರು ಬರೀ ನೀರು ಎಂದು ಬರೆದಿದ್ದೀ. ಮೈಸೂರಿಗೆ ಬರುವವರ ಕೈಲಿ ಉಪ್ಪಿನಕಾಯಿ ಕಳಿಸಿದ್ದೇನೆ, ಒಬ್ಬಳೇ ಮುಗಿಸಬೇಡ.

ಪಾಪಮ್ಮನ ವಿಚಾರ ಕೇಳಿದ್ದೀ. ನೀನು ಅವಳನ್ನು ನೋಡಿದವಳಲ್ಲ, ಮೊದಲಿಂದ ಹೇಳುತ್ತೇನೆ. ಲಂಕೆಯ ಗಲಾಟೆಯಲ್ಲಿ ಗಂಡನನ್ನೂ ಮನೆಯನ್ನೂ ಕಳೆದುಕೊಂಡು, ಅತ್ತೆಯ ಜೊತೆ ದೋಣಿ ಹತ್ತಿ ಬಂದು, ನಮ್ಮ ಪಕ್ಕದ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯಲು ಸೇರಿದವಳು. ನಿನ್ನ ಹಾಗೆ ಕಿವಿ ಕೇಳದು, ಮಾತಿಲ್ಲ. ಆದರೆ ಶಾಲೆಯ ಮುಖ ಕಂಡಿಲ್ಲ. ಅವಳ ಪರವಾಗಿ ಮಾತಾಡುತ್ತಿದ್ದ ಅತ್ತೆ ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. ಆಮೇಲೆ ಪ್ರತಿ ಭಾನುವಾರ ನಾನು ಅವಳಿಗೆ ನಮ್ಮಿಬ್ಬರ ಸನ್ನೆಗಳನ್ನು ಕಲಿಸಿದೆ. ಅನ್ನ, ನೀರು, ನಾಳೆ. ನೀನು ನಾಲ್ಕು ವರ್ಷದವಳಿದ್ದಾಗ ಕಂಡುಹಿಡಿದಿದ್ದೆಯಲ್ಲ, ತಲೆಯ ಮೇಲೆ ಎರಡು ಕೈ ಸೂರಿನ ಹಾಗೆ ಜೋಡಿಸಿ ಆಮೇಲೆ ಎದೆ ಮುಟ್ಟಿಕೊಳ್ಳುವುದು, ಆ ‘ಮನೆ’ಯನ್ನೂ ಕಲಿಸಿದೆ. ಕಲಿಸುವಾಗ ಎಸ್ಟೇಟಿನ ಕೂಲಿಯವರ ಸಾಲುಮನೆ, ಆ ಲೈನಿನಲ್ಲಿದ್ದ ಅವಳ ಕೋಣೆಯ ಬಾಗಿಲು ತೋರಿಸಿದ್ದೆ. ಅದು ಅವಳಿಗೆ ಎಷ್ಟು ಹಿಡಿಸಿತೆಂದರೆ ಸಂಜೆ ಕೆಲಸ ಬಿಟ್ಟಮೇಲೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಆ ಸನ್ನೆ ಮಾಡುತ್ತಿದ್ದಳು.

ಇಲ್ಲೇ ಆಶ್ರಯ ಕೊಡಿ ಎಂದು ಅತ್ತೆ ಇದ್ದಾಗ ಹಾಕಿದ್ದ ಅರ್ಜಿಗೆ ಜನವರಿಯಲ್ಲಿ ವಿಚಾರಣೆ ಬಂತು, ಚಿಕ್ಕಮಗಳೂರಿಗೆ ಹೋಗಬೇಕು. ಎಸ್ಟೇಟಿನ ರೈಟರ್ ಪರಮೇಶ್ವರಪ್ಪನವರು ಬಂದು, “ಟೀಚರೇ, ನೀವು ಬರ್ದೇ ಇದ್ರೆ ಅವ್ಳು ಅಲ್ಲಿ ಗೋಡೆ ನೋಡ್ಕಂಡು ಕೂರ್ತಾಳೆ” ಎಂದರು. ಹೊರಟೆ. ಒಳಗೊಳಗೆ ಹೆಮ್ಮೆಯೂ ಇತ್ತು, ಮುಚ್ಚಿಡುವುದೇಕೆ.

ಅಧಿಕಾರಿ ಕೆಟ್ಟವರೇನಲ್ಲ. ಪಾಪಮ್ಮ ಚೆನ್ನಾಗಿಯೇ ಹೇಳಿದಳು. ಕಡ್ಡಿ ಗೀರುವಂತೆ ಮಾಡಿ ಬೆಂಕಿ ತೋರಿಸಿದಳು. ಗಂಡ ಹೇಗೆ ಬಿದ್ದನೆಂದು ತಾನೇ ನೆಲಕ್ಕೊರಗಿ ತೋರಿಸಿದಳು. ಅವರು ಬರೆಯುವುದನ್ನು ನಿಲ್ಲಿಸಿ ಅವಳಿಗೆ ನೀರು ತರಿಸಿದರು. ಕೊನೆಗೆ, “ಊರಿಗೆ ವಾಪಸ್ ಹೋಗೋಕೆ ಇಷ್ಟ ಇದೆಯಾ ಕೇಳಿ” ಎಂದರು. ಊರಿಗೆ, ದೇಶಕ್ಕೆ ನಮ್ಮಲ್ಲಿ ಸನ್ನೆಯೇ ಇಲ್ಲ. ಮೂರೂವರೆಯ ಬಸ್ಸು ತಪ್ಪೀತೆಂಬ ಅವಸರ ಬೇರೆ. ತಲೆಯ ಮೇಲೆ ಕೈ ಜೋಡಿಸಿ, ಎದೆ ಮುಟ್ಟಿ, ಹೋಗುತ್ತೀಯಾ ಎಂದು ಕೇಳಿದೆ. ಅವಳ ಮುಖ ಅರಳಿತು. ಎರಡೆರಡು ಸಲ ತಲೆಯಾಡಿಸಿದಳು. ನನಗೆ ಆಶ್ಚರ್ಯವಾಯಿತು. ಇಷ್ಟೆಲ್ಲ ಆದಮೇಲೂ ಹುಟ್ಟಿದೂರಿನ ಆಸೆ ಬಿಡುವುದಿಲ್ಲವೇನೋ ಎಂದುಕೊಂಡು, ಹೂಂ ಅಂತಾಳೆ ಎಂದುಬಿಟ್ಟೆ. ಅವರು ಹಾಗೆಯೇ ಬರೆದುಕೊಂಡು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು.

ಬಣಕಲ್ಲಿನಲ್ಲಿ ಬಸ್ಸಿಳಿದ ಕೂಡಲೇ ಪಾಪಮ್ಮ ಅದೇ ಸನ್ನೆ ಮಾಡಿ ತನ್ನ ಲೈನಿನ ಕಡೆಗೆ ಬೀಸುಹೆಜ್ಜೆ ಹಾಕಿದಳು. ಅವಳು ಹೂಂ ಎಂದದ್ದು ಈ ಕೋಣೆಗೆ ಎಂದು ಆಗ ಹೊಳೆಯಿತು.

ಮರುದಿನವೇ ಆ ಅಧಿಕಾರಿಯ ಹತ್ತಿರ ಹೋದೆ, ತಪ್ಪೊಪ್ಪಿಗೆ ಬರೆದುಕೊಟ್ಟೆ, ನಾಲ್ಕು ಸಲ ಅಲೆದೆ. “ನೀವೇ ಅಲ್ವಾ ಮೇಡಂ ಹೇಳಿದ್ದು?” ಎಂದರು. ನಾನೇ. ಹೇಗಾದರೂ ಸರಿಹೋದೀತೆಂಬ ಆಸೆಯಲ್ಲಿ ಅವಳಿಗೆ ಏನೂ ತಿಳಿಸಲಿಲ್ಲ. ಹೋದ ಸೋಮವಾರ ಅವಳನ್ನು ಕರೆದೊಯ್ಯಲು ಪೊಲೀಸರ ಜೀಪು ಬಂತು. ಮೊದಲು ರಾಮೇಶ್ವರದ ಕಡೆಯ ಶಿಬಿರಕ್ಕಂತೆ, ಅಲ್ಲಿಂದ ಹಡಗಿನಲ್ಲಿ ಲಂಕೆಗೆ.

ಇಪ್ಪತ್ತು ವರ್ಷ ಊರ ಮಕ್ಕಳ ತಪ್ಪಿಗೆ ಕೆಂಪು ಶಾಯಿ ಹಾಕಿದವಳು ನಾನು. ರಜೆಗೆ ಬಂದಾಗ ಮನೆಗೆ ಬೇರೊಂದು ಸನ್ನೆ ಮಾಡಿಕೊಡು ಮಗಳೇ, ಆ ಹಳೆಯದಕ್ಕೆ ಇನ್ನು ನನ್ನ ಕೈ ಏಳುವುದಿಲ್ಲ. ಚೆನ್ನಾಗಿ ಓದು, ತಲೆಗೆ ಎಣ್ಣೆ ಹಾಕಿಕೋ. ನೀನು ಎಲ್ಲೇ ಇದ್ದರೂ ನಿನ್ನನ್ನು ಸರಿಯಾಗಿ ತಿಳಿಯುವವರು ಹತ್ತಿರವಿರಲಿ.

ನಿನ್ನ ಅಮ್ಮ,
ಅಂಬುಜಾ

ತಾ.ಕ.: ಇದನ್ನು ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಜೀಪು ಹತ್ತುವ ಮೊದಲು ಅವಳು ನನ್ನತ್ತ ತಿರುಗಿ, ತಲೆಯ ಮೇಲೆ ಕೈ ಜೋಡಿಸಿ, ಎದೆ ಮುಟ್ಟಿ, ಹುಬ್ಬೇರಿಸಿ ಕೇಳಿದಳು. ಅಲ್ಲ ಎಂದಿದ್ದರೆ ಅವಳು ಹತ್ತುತ್ತಿರಲಿಲ್ಲ, ಎಳೆದು ಹತ್ತಿಸುತ್ತಿದ್ದರು. ನಾನು ಹೌದೆಂದು ತಲೆಯಾಡಿಸಿದೆ, ಗಾನಾ. ಅವಳು ನಗುತ್ತಾ ಹತ್ತಿದಳು.