ಮೊದಲನೇ ಸುತ್ತು ಕೈಯಿಂದ

ಗೆಳೆಯ ಮೆಹಬೂಬ,

ನೀನಿರುವ ಜಾಗದಲ್ಲಿ ಲೇಥ್ ಇದೆಯೋ ಇಲ್ಲವೋ ಗೊತ್ತಿಲ್ಲ. ಇದ್ದರೆ ಸ್ವಲ್ಪ ಹೊತ್ತು ಅದನ್ನು ನಿಲ್ಲಿಸಿ ಇದನ್ನು ಓದು. ಇನ್ನೊಂದು ಸಲ ಬರೆಯುವಷ್ಟು ಮುಖ ನನಗಿಲ್ಲ. ನಿನ್ನ ಇಂಜಿನ್ನಿನ ಬಲಗಡೆಯ ಸಿಲಿಂಡರ್ ನನ್ನ ಕೈಯಲ್ಲಿ ಒಡೆದುಹೋಯಿತು.

ಸೊಲ್ಲಾಪುರದ ಫೌಂಡ್ರಿಯಿಂದ ಎರಕಗಳು ಬಂದ ದಿನ ನೆನಪಿದೆಯಾ? ಲಾರಿಯವನು ಊರಿನ ತನಕ ಬಾರದೆ, ಗಡಿಯ ಖಜೂರಿಯಲ್ಲೇ ಗೋಣಿಚೀಲಗಳನ್ನು ಇಳಿಸಿ ಹೋಗಿಬಿಟ್ಟಿದ್ದ. ಎರಡು ಸಿಲಿಂಡರು, ಚಕ್ರಗಳು, ಎಲ್ಲವೂ ಬೀಡು ಕಬ್ಬಿಣ. ಟಂಟಂ ಆಟೋಕ್ಕೆ ಹೇರುವಾಗ ನನ್ನ ಸೊಂಟ ಹಿಡಿದುಕೊಂಡಿತು, ನೀನು ರಸ್ತೆಯಲ್ಲೇ ಕೂತು ನಕ್ಕಿದ್ದೆ. ರೈಲೇ ಬಾರದ ಆಳಂದದಲ್ಲಿ ರೈಲು ಇಂಜಿನ್ ಕಟ್ಟುತ್ತೇನೆ ಅಂದವನು ನೀನು. ಮಕ್ಕಳು ಕೂತು ಹೋಗುವಷ್ಟು ಸಣ್ಣದು, ಆದರೆ ನಿಜವಾದ ಬೆಂಕಿ, ನಿಜವಾದ ಹಬೆ. ಊರೆಲ್ಲ ನಿನ್ನನ್ನು ಆಡಿಕೊಂಡಿತು. ನಾನು ಮಾತ್ರ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಕೂತು “ನಾವು ಕಟ್ಟಾಕತ್ತೇವಿ” ಎಂದು ಎದೆ ಉಬ್ಬಿಸುತ್ತಿದ್ದೆ. ಎಲ್ಲಿಯ ನಾವು? ಲೇಥ್ ಶೆಡ್ಡಿನಲ್ಲಿ ಪಂಪ್‌ಸೆಟ್ಟಿನ ಶಾಫ್ಟು, ಟ್ರಾಕ್ಟರಿನ ಪಿನ್ನು ನನ್ನ ಪಾಲಿನ ಕೆಲಸ. ಇಂಜಿನ್ನಿಗೆ ನಾನು ಭಾರ ಎತ್ತುವ ಇನ್ನೊಂದು ಕೈ, ಅಷ್ಟೇ.

ಎಡಗಡೆಯ ಸಿಲಿಂಡರನ್ನು ನೀನು ಕೊರೆದ ದಿನವಂತೂ ಕಣ್ಣಿಗೆ ಕಟ್ಟಿದಂತಿದೆ. ಎರಕ ಒಂದು ಮಗ್ಗುಲಿಗೆ ಭಾರ. ಅದನ್ನು ಲೇಥಿನ ದುಂಡು ತಟ್ಟೆಗೆ ಬಿಗಿದು, ತೂಕ ಸರಿದೂಗಲೆಂದು ಎದುರು ಮಗ್ಗುಲಿಗೆ ಟ್ರಾಕ್ಟರಿನ ಹಳೆಯ ಗೇರು ಕಟ್ಟಿದೆ. ನನ್ನ ಬೆರಳು ಆಗಲೇ ಸ್ವಿಚ್ಚಿನ ಮೇಲಿತ್ತು. ನೀನು ಆ ಕೈ ಮೇಲೆ ಫಟ್ಟನೆ ಹೊಡೆದೆ.

“ಲೇ ಶರಣ್ಯಾ, ಮೊದಲನೇ ಸುತ್ತು ಕೈಲೆ! ಎಲ್ಲಿ ತಗಲ್ತದ ಅಂತ ಕೈಗೆ ಗೊತ್ತಾಗ್ತದ. ಕರೆಂಟಿಗೇನು ಗೊತ್ತು?”

ತಟ್ಟೆಯನ್ನು ಮೆಲ್ಲಗೆ ಕೈಯಿಂದ ಒಂದು ಸುತ್ತು ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದ ಮೇಲೆಯೇ ನೀನು ಕೊರೆಯುವ ಟೂಲ್ ಮುಂದೆ ತಂದದ್ದು. ಮೊದಲ ಸಲವೇ ಆಳಕ್ಕೆ ಕೊರೆದೆ. “ಮ್ಯಾಲಿನ ಸಿಪ್ಪಿ ಬರೇ ಕೆರೀತಾ ಕುಂತ್ರ ಟೂಲ್ ಸಾಯ್ತದ, ಅದರ ಕೆಳಗ ಇಳೀಬೇಕು” ಅಂದೆ. ಬೀಡಿನ ಕರಿ ಹುಡಿ ಇಬ್ಬರ ಮೂಗು ಮೀಸೆಗೆಲ್ಲ ಮೆತ್ತಿ, ಭಾಭಿ ಗಂಡನೆಂದೂ ನೋಡದೆ ನಮ್ಮಿಬ್ಬರನ್ನೂ ಹೊರಗೇ ನಿಲ್ಲಿಸಿ ಮುಖ ತೊಳೆಸಿದರು.

ನೀನು ಹೋದಾಗ ಬಲಗಡೆಯದೊಂದೇ ಕೊರೆಯದೆ ಉಳಿದಿತ್ತು. ಇನ್ನೊಂದು ಎರಕ ಹೊಯ್ಯಿಸೋಣವೆಂದರೆ, ನೀನು ಕೆತ್ತಿದ ಕಟ್ಟಿಗೆಯ ಅಚ್ಚು ನೀನು ಆಸ್ಪತ್ರೆಯಲ್ಲಿದ್ದಾಗಲೇ ಗೆದ್ದಲ ಪಾಲಾಗಿತ್ತು. ಇದ್ದದ್ದೊಂದೇ ಎರಕ, ಇದ್ದದ್ದೊಂದೇ ಅವಕಾಶ. ಇಂಥ ಕೆಲಸಕ್ಕೆ ಕೂರುವವನು ಬಾಗಿಲು ಹಾಕಿಕೊಂಡು ಕೂರಬೇಕೋ ಬೇಡವೋ? ನಾನು ಚಹಾ ಅಂಗಡಿಯ ಗುರಪ್ಪನಿಂದ ಹಿಡಿದು ಎಲ್ಲರನ್ನೂ “ನೋಡಾಕ ಬರ್ರಿ” ಎಂದು ಕರೆದೆ! ಗೇರು ಕಟ್ಟಿದೆ, ಬೋಲ್ಟು ಬಿಗಿದೆ. ತೂಕ ಯಾಕೆ ಕಟ್ಟಬೇಕು, ಟೂಲ್ ಎಷ್ಟು ಆಳ ಕೊರೆಯಬೇಕು ಎಂದು ಉಸ್ತಾದನ ಹಾಗೆ ಭಾಷಣ ಬಿಗಿಯುತ್ತಲೇ ಸ್ವಿಚ್ ಒತ್ತಿದೆ. ಕೈಯಿಂದ ತಿರುಗಿಸಿ ನೋಡಲಿಲ್ಲ, ಮೆಹಬೂಬ. ಎರಕದ ಚಾಚಿದ ಅಂಚು ಕೆಳಗಿನ ಲೇಥಿನ ಬೆಡ್ಡಿಗೆ ಬಡಿಯಿತು. ಒಂದೇ ಸದ್ದು. ಮುರಿದ ತುಂಡು ಗುರಪ್ಪನ ಚಪ್ಪಲಿಯ ಹತ್ತಿರ ಹೋಗಿ ಬಿತ್ತು.

ಯಾರೂ ಬಯ್ಯಲಿಲ್ಲ. ಗುರಪ್ಪನೇ ಮೊದಲು ಬಾಯಿ ಬಿಟ್ಟ: “ಬೀಡಿನಾಗೇ ದೋಷ ಇತ್ತು ಬಿಡಪಾ.” ಉಳಿದವರು ಹೌದು ಹೌದು ಅಂದರು. ನಾನು ತಲೆ ಆಡಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ತನ್ನ ಬಾಯಿಂದ ಅಂದಳು, ನನಗೆ ಅಷ್ಟೂ ಕಷ್ಟವಾಗಲಿಲ್ಲ.

ಕೆಲವು ದಿನಗಳಾದ ಮೇಲೆ ಭಾಭಿ ಶೆಡ್ಡಿಗೆ ಚಹಾ ತಂದಿಟ್ಟು ಅಲ್ಲೇ ನಿಂತರು. ಸೆರಗಿನ ತುದಿ ತಿರುವುತ್ತಿದ್ದರು.

“ಭಾಯಿ, ಅವರು ಕೆತ್ತಿದ ಅಚ್ಚೇ ಸರಿ ಇರಲಿಲ್ಲಂತ, ಖರೇ ಏನ್ರಿ? ಮಂದಿ ಮಾತಾಡಾಕತ್ತಾರ. ಕಣ್ಣು ಮಂಜಾಗಿದ್ರೂ ಎಷ್ಟು ಜೀವ ತೇದು ಕೆತ್ತಿದ್ರು...”

ನನ್ನ ಒಂದು ತಲೆಯಾಟ ಊರೆಲ್ಲ ಸುತ್ತಿ ಬಂದು ನಿನ್ನ ಹೆಸರಿನ ಮೇಲೆ ಕೂತಿತ್ತು! ನೀನು ಎದ್ದು ಬಂದು ಅಲ್ಲ ಅನ್ನುವುದಿಲ್ಲವೆಂಬ ಧೈರ್ಯದಲ್ಲೇ ತಲೆ ಆಡಿಸಿದೆನೇ ನಾನು? ನಾಚಿಕೆಯಿಂದ ಸತ್ತು ಹೋಗಬೇಕು ಅನ್ನಿಸಿತು. ನಡೆದದ್ದನ್ನೆಲ್ಲ ಅಲ್ಲೇ ಹೇಳಿದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. “ಚಹಾ ಆರಾಕತ್ತದ, ಕುಡೀರಿ” ಎಂದಷ್ಟೇ ಹೇಳಿ ಒಳಗೆ ಹೋದರು.

ಅಲ್ಲಿಂದ ಎದ್ದವನು ನೇರ ಚಹಾ ಅಂಗಡಿಗೆ ಹೋದೆ. ನಿಂತುಕೊಂಡೇ ಹೇಳಿದೆ: “ಬೀಡು ಚಲೋ ಇತ್ತು. ಮೆಹಬೂಬನ ಅಚ್ಚೂ ಚಲೋ ಇತ್ತು. ಕೈಲೆ ತಿರುಗಿಸಿ ನೋಡಲಾರದವ ನಾ.”

ಗುರಪ್ಪ ಬಸಿಯಲ್ಲಿದ್ದ ಚಹಾ ಮುಗಿಸಿ, “ಗೊತ್ತದ ತಗೋಪಾ,” ಅಂದ. “ನಾವು ಅಲ್ಲೇ ನಿಂತಿದ್ವಲ್ಲ. ನಿನ್ನ ಮಾರಿ ನೋಡಾಕ ಆಗಲಿಲ್ಲ, ಅದಕ್ಕ ಹಂಗಂದ್ವಿ.”

ನೋಡು, ಎಲ್ಲರಿಗೂ ಗೊತ್ತಿತ್ತು. ನಾನೊಬ್ಬನೇ ಬಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದೆ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಭಾಭಿಯೇ ಒಂದು ದಿನ ಕೇಳಿದರು, “ಅವರು ಮಾಡಿದ್ದೊಂದು ಅದ ಅಲ್ರಿ, ಅದೊಂದರ ಮ್ಯಾಲೆ ಓಡಂಗಿಲ್ಲೇನು?” ಬಲಗಡೆಯ ಹಬೆಯ ದಾರಿಗೆ ತಟ್ಟೆ ಬಿಗಿದು ಮುಚ್ಚಿದೆ. ಹೋದ ಭಾನುವಾರ, ಹಿತ್ತಲಲ್ಲಿ ನೀನೇ ಹಾಸಿದ ಹಳಿಯ ಮೇಲೆ ಬೆಂಕಿ ಹಾಕಿದೆವು. ಭಾಭಿ ಹೊರಸಿನ ಮೇಲೆ ಕೂತಿದ್ದರು. ಹಬೆ ಏರಿತು, ಬಿಟ್ಟೆ, ಇಂಜಿನ್ ಜಪ್ಪಯ್ಯ ಅನ್ನಲಿಲ್ಲ. ಯಾಕೆಂದು ನಿನಗೆ ಹೇಳಬೇಕೇ? ಒಂದೇ ಸಿಲಿಂಡರಿನದು, ಪಿಸ್ಟನ್ ತುದಿಗೆ ಬಂದು ನಿಂತುಬಿಟ್ಟರೆ ಹಬೆ ಎಷ್ಟು ನೂಕಿದರೂ ಹೊರಡದು. ಜೊತೆಗೆ ಬಲಗಡೆಯದೂ ಇದ್ದಿದ್ದರೆ ಅದು ಎಳೆಯುತ್ತಿತ್ತು. ಹಬೆ ಮುಚ್ಚಿದೆ, ಮಂಡಿಯೂರಿದೆ, ಚಕ್ರ ಹಿಡಿದು ಮೆಲ್ಲಗೆ ಕೈಯಿಂದ ತಿರುಗಿಸಿದೆ. ಮತ್ತೆ ಹಬೆ ಬಿಟ್ಟೆ. ಕುಂಟುತ್ತ ಕುಂಟುತ್ತ ಹೊರಟೇಬಿಟ್ಟಿತು ಕಣೋ!

ಹಿಂದಿನಿಂದ ಭಾಭಿಯ ದನಿ: “ಈಗ ನೆನಪಾತೇನ್ರಿ ಭಾಯಿ, ಕೈಲೆ ತಿರುಗ್ಸೋದು?”

ನೀನು ಹೋದ ಮೇಲೆ ಅವರು ನಕ್ಕದ್ದನ್ನು ಅಂದೇ ಕೇಳಿದ್ದು. ನನಗೆ ತಿರುಗಿ ನೋಡುವ ಮುಖವಿರಲಿಲ್ಲ. ಇಂಜಿನ್ನಿನ ಪಕ್ಕದಲ್ಲೇ ಬಗ್ಗಿಕೊಂಡು ನಡೆದೆ, ಮತ್ತೆ ಎಲ್ಲಿ ನಿಲ್ಲುತ್ತದೋ ಎಂದು.

ಅಚ್ಚು ಕೆತ್ತಲು ಸಾಗವಾನಿ ತಂದಿಟ್ಟಿದ್ದೇನೆ. ಬಾಗಿಲು ಹಾಕಿಕೊಂಡೇ ಕೆತ್ತುತ್ತೇನೆ. ಅದು ಆಗುವ ತನಕ ನಿನ್ನ ಇಂಜಿನ್ನಿನ ಬಲಗಡೆ ನಾನೇ.

ನಿನ್ನ ಕೈಯ ಏಟು ತಿಂದ
ಶರಣ್ಯಾ