ನೊರೆ ಬಾರದ ಬಿಳಿಕಲ್ಲು

ಬಿಳಿಕಣ್ಣುಗುಡ್ಡ,
ಏಳನೆಯ ಬಾವಿಯ ನಾಲ್ಕನೆಯ ವರ್ಷ, ಮಾಘ ಮಾಸ.
(ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೨೬೧)

ಗಣಿ ಕಂಪನಿಯ ಕೋರ್ ಶೆಡ್ಡಿನ ಕಾವಲುಗಾರರಾದ ಮುತ್ತಜ್ಜ ಕೆಂಪಸಿದ್ದಯ್ಯನವರಿಗೆ, ನಿಮ್ಮ ಎಂಟನೆಯ ತಲೆಮಾರಿನ ರಾಚವ್ವ ಮಾಡುವ ನಮಸ್ಕಾರ.

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಾವು ವರ್ಷಗಳನ್ನು ಬಾವಿಗಳಿಂದ ಎಣಿಸುತ್ತೇವೆ. ಒಂದು ಬಾವಿ ಕೆಟ್ಟು ಇನ್ನೊಂದನ್ನು ತೋಡಿದಾಗ ಎಣಿಕೆ ಮತ್ತೆ ಒಂದರಿಂದ ಶುರು. ಈ ಪತ್ರ ಹಿಂದಕ್ಕೆ ಹೇಗೆ ಬರುತ್ತದೆಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಕಳಿಸುತ್ತೇವೆ ಎಂದವರನ್ನು ನಂಬಿದ್ದೇನೆ.

ನಮ್ಮ ಗುಡ್ಡ ನಿಮಗೆ ಗೊತ್ತೇ ಇದೆ. ಭೂಮಿಯ ಆಳದಿಂದ ಸೋಡಾ, ಪೊಟ್ಯಾಷ್ ತುಂಬಿಕೊಂಡು ಮೇಲೆದ್ದ ಕಲ್ಲಿನ ಪಾಕ ಬಳೆ ಬಳೆಯಾಗಿ ಹೆಪ್ಪುಗಟ್ಟಿದ್ದು ಅದು. ಹೊರಗೆ ಗುಲಾಬಿ ಸಯನೈಟ್, ಅದರೊಳಗೆ ಕಪ್ಪು ಪೈರಾಕ್ಸಿನೈಟ್, ನಟ್ಟನಡುವೆ ಸುಣ್ಣಕಲ್ಲಿನಂಥ ಬಿಳಿಯ ಕಾರ್ಬೊನಟೈಟ್. ಆ ಬಿಳಿಕಲ್ಲಿನಲ್ಲಿ ಹಸಿರು ಅಪಟೈಟ್, ನೇರಳೆ ಫ್ಲೋರೈಟ್ ಹರಳುಗಳು ಬೆರೆತಿವೆ. ನೋಡಲು ಚಂದ. ಅದರಿಂದ ಜಿನುಗಿದ ನೀರು ಕುಡಿದ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ, ಮಂಡಿ ಸೊಟ್ಟಗಾಗುತ್ತದೆ.

ಅದಕ್ಕೇ ನಮ್ಮಲ್ಲಿ ಊರಿಗೊಬ್ಬಳು ನಿಂಬೆಗಾತಿ ಇರುತ್ತಾಳೆ. ಬಾವಿ ತೋಡುವಾಗ ಮೊಳಕ್ಕೊಂದು ಕಲ್ಲು ಮೇಲೆ ತರಿಸಿ, ಮುರಿದ ಮುಖಕ್ಕೆ ನಿಂಬೆರಸ ಹಿಂಡಿ, ಕಿವಿಗೊಟ್ಟು ಕೇಳುವುದು ಅವಳ ಕೆಲಸ. ಚುರುಗುಟ್ಟಿ ನೊರೆ ಬಂದರೆ ಅದು ಆ ಬಿಳಿಕಲ್ಲೇ, ಗುಂಡಿ ಮುಚ್ಚಬೇಕು; ಸುಮ್ಮನಿದ್ದರೆ ತೋಡಬಹುದು. ಮದುವೆ ಮಾತಿಗೆ ಬಂದವರೂ ಹೆಣ್ಣು ನೋಡುವ ಮೊದಲು ಬಾವಿಯ ಕಲ್ಲಿಗೆ ನಿಂಬೆ ಹಿಂಡುವ ಸೀಮೆ ಇದು. ಮೂವತ್ತು ವರ್ಷದಿಂದ ಆ ಕೆಲಸ ನನ್ನದು. ನನ್ನ ಮಾತಿಗೆ ಎರಡಿಲ್ಲ ಎಂದು ಜನ ನಂಬಿದ್ದರು, ನಾನೂ ನಂಬಿದ್ದೆ.

ಏಳನೆಯ ಬಾವಿಯಲ್ಲಿ ಹದಿನಾಲ್ಕು ಮೊಳದ ಕೆಳಗೆ ಬಿಳಿಕಲ್ಲು ಸಿಕ್ಕಿತು. ನಿಂಬೆ ಹಿಂಡಿದೆ, ನೊರೆ ಬರಲಿಲ್ಲ. ಬಣ್ಣಗೆಟ್ಟ ಸಯನೈಟ್ ಇರಬೇಕು ಎಂದುಕೊಂಡು, ತೋಡಿ ಎಂದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನೇ!

ಹೋದ ವಾರ ನನ್ನ ಮೊಮ್ಮಗಳು ಪುಟ್ಟಮಾದಿ, ಆರು ವರ್ಷದವಳು, ಆ ಕಲ್ಲಿನ ಚೂರೊಂದನ್ನು ಕುಟ್ಟಿ ಪುಡಿ ಮಾಡಿ, ಅಡುಗೆಯಾಟಕ್ಕೆಂದು ನನ್ನ ನಿಂಬೆರಸ ಸುರಿದಳು. “ಅಜ್ಜೀ, ಅನ್ನ ಉಕ್ತಾ ಅದ, ಬಾ ನೋಡು!” ಎಂದು ಕೂಗಿದಳು. ಹೋಗಿ ನೋಡಿದರೆ ಪುಡಿ ಸಣ್ಣಗೆ ನೊರೆಯಾಡುತ್ತಿತ್ತು. ಅದು ಡಾಲಮೈಟ್ ಜಾತಿಯ ಕಾರ್ಬೊನಟೈಟ್. ಇಡಿಯಾಗಿದ್ದರೆ ಹುಳಿಗೆ ಜಗ್ಗುವುದಿಲ್ಲ, ಪುಡಿಯಾದರಷ್ಟೇ ಬಾಯಿ ಬಿಡುತ್ತದೆ. ಅಂದೇ ಬಾವಿಗೆ ಮುಳ್ಳು ಹಾಕಿಸಿದೆ. ಆದರೆ ನಾಲ್ಕು ವರ್ಷ ಊರಿಗೆ ಊರೇ ಆ ನೀರು ಕುಡಿದಾಗಿದೆ. “ಎಂಟನೇ ಬಾವಿ ಎಲ್ಲಿ ಅಂತ ನೀ ಹೇಳವ್ವ, ನಾವು ಅಗಿತೀವಿ” ಅನ್ನುತ್ತಾರೆ ಊರವರು. ಇನ್ನೂ ನನ್ನನ್ನೇ ಕೇಳುತ್ತಾರಲ್ಲ, ಅದೇ ಹೆದರಿಕೆ.

ಮುತ್ತಜ್ಜ, ನಿಮ್ಮ ಶೆಡ್ಡಿನಲ್ಲಿ ಗುಡ್ಡವನ್ನು ನೂರು ಕಡೆ ಕೊರೆದು ತೆಗೆದ ಕಲ್ಲಿನ ಕೋಲುಗಳಿವೆ, ಯಾವ ಆಳದಲ್ಲಿ ಯಾವ ಕಲ್ಲು ಎಂದು ಅಂಕಿ ಬರೆದ ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ. ಕಂಪನಿ ಬಿಟ್ಟುಹೋದ ಮೇಲೆ ನೀವು ಕೋಲುಗಳನ್ನು ರಸ್ತೆಗೆ ಸುರಿದು ಪೆಟ್ಟಿಗೆಗಳನ್ನು ಮನೆಗೆ ತಂದಿರಂತೆ. ಒಳ್ಳೆಯ ಮರ, ಸುಳ್ಳಲ್ಲ. ಇವತ್ತಿಗೂ ಅವುಗಳಲ್ಲಿ ಮೆಣಸಿನಕಾಯಿ ಒಣಗಿಸುತ್ತೇವೆ. ಆಳದ ಅಂಕಿಗಳು ಹಾಗೇ ಇವೆ, ಕಲ್ಲು ಮಾತ್ರ ಇಲ್ಲ. ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಸಿಟ್ಟಾಗುವ ಯೋಗ್ಯತೆ ನನಗಿಲ್ಲವೆಂದೂ ಗೊತ್ತು. ದಮ್ಮಯ್ಯ, ಸುರಿಯಬೇಡಿ. ಪೆಟ್ಟಿಗೆ ಬೇಕಿದ್ದರೆ ಒಯ್ಯಿರಿ, ಕೋಲುಗಳನ್ನು ಅದೇ ಸಾಲಿನಲ್ಲಿ ನೆಲದ ಮೇಲಾದರೂ ಜೋಡಿಸಿಡಿ.

ಪುಟ್ಟಮಾದಿಯ ಮುಂದಿನ ಹಾಲುಹಲ್ಲು ಇವತ್ತು ಬೆಳಗ್ಗೆ ಬಿತ್ತು. ಹೊಸ ಹಲ್ಲಿನ ತುದಿ ಮೂಡಿದೆಯಂತೆ, ಅದರ ಬಣ್ಣ ನಾನಿನ್ನೂ ನೋಡಿಲ್ಲ. “ನೋಡಜ್ಜಿ” ಎಂದು ಬಾಯಿ ತೆರೆದುಕೊಂಡು ನನ್ನ ಎದುರಿಗೇ ನಿಂತಿದ್ದಾಳೆ. ನಾನು ತಲೆ ಎತ್ತದೆ ನಿಮಗೆ ಬರೆಯುತ್ತಿದ್ದೇನೆ.